ಶ್ಟಿರ್ಲಿಟ್ಸ್‌ಗೆ ಕೊಟ್ಟ ಕೆಲಸವೇನು?

1973ರ ಆಗಸ್ಟ್‌ನಲ್ಲಿ ಸೋವಿಯತ್ ಟಿವಿಯಲ್ಲಿ 12 ಕಂತುಗಳ ಒಂದು ಧಾರಾವಾಹಿ ಶುರುವಾಯಿತು. ಹೆಸರು ‘ವಸಂತದ ಹದಿನೇಳು ಕ್ಷಣಗಳು’. ಯೂಲಿಯನ್ ಸೆಮ್ಯೊನೊವ್ ಅವರ ಕಾದಂಬರಿಯನ್ನು ತತ್ಯಾನಾ ಲಿಯೋಜ್ನೊವಾ ಕಪ್ಪು ಬಿಳುಪಿನಲ್ಲಿ ತೆರೆಗೆ ತಂದಿದ್ದರು. ಮುಖ್ಯ ಪಾತ್ರ ವ್ಯಾಚೆಸ್ಲಾವ್ ತೀಖನೊವ್ ಅವರದು. ಆ ಪಾತ್ರಕ್ಕೆ ಎರಡು ಹೆಸರು. ಬರ್ಲಿನ್‌ನಲ್ಲಿ ಅವನು ಮ್ಯಾಕ್ಸ್ ಒಟ್ಟೊ ಫಾನ್ ಶ್ಟಿರ್ಲಿಟ್ಸ್, ನಾಜಿ ಪಕ್ಷದ ಎಸ್‌ಎಸ್ ಎಂಬ ಪಡೆಯಲ್ಲಿ ದೊಡ್ಡ ಅಧಿಕಾರಿ. ಮಾಸ್ಕೋಗೆ ಅವನು ಮ್ಯಾಕ್ಸಿಮ್ ಮ್ಯಾಕ್ಸಿಮೊವಿಚ್ ಇಸಾಯೆವ್, ತಮ್ಮ ಗೂಢಚಾರ.

ರಷ್ಯನ್ ಮಾತಾಡುವ ನಾಡುಗಳಲ್ಲಿ ಶ್ಟಿರ್ಲಿಟ್ಸ್ ಯಾರು ಅಂತ ಯಾರಿಗೂ ಹೇಳಬೇಕಿಲ್ಲ. ಅವನ ಮೇಲೆ ಹುಟ್ಟಿಕೊಂಡ ಜೋಕುಗಳಿಗೆ ಲೆಕ್ಕವೇ ಇಲ್ಲ. ಆದರೆ ಹೊಸದಾಗಿ ನೋಡುವವರಿಗೆ ತಲೆ ಕೆಡುತ್ತದೆ. ಗುಂಡು ಹಾರುವುದು ಕಡಿಮೆ, ಮಾತು ಜಾಸ್ತಿ. ಜರ್ಮನ್ ಹೆಸರುಗಳು ಸಾಲಾಗಿ ಬರುತ್ತವೆ. ಸಮವಸ್ತ್ರ ಹಾಕಿದ ಗಂಡಸರು ಕೋಣೆಗಳಲ್ಲಿ ಕೂತು ಸಿಗರೇಟು ಸೇದುತ್ತಾರೆ. ನಾಯಕ ಕಾರಿನಲ್ಲಿ ಹೋಗುತ್ತಾನೆ, ಯೋಚಿಸುತ್ತಾನೆ. ಇಷ್ಟಕ್ಕೂ ಇವನಿಗೆ ಒಪ್ಪಿಸಿದ ಕೆಲಸ ಏನು ಎನ್ನುವುದೇ ಮೊದಲಿಗೆ ಹಿಡಿತಕ್ಕೆ ಸಿಗುವುದಿಲ್ಲ.

ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಗೂಢಚಾರನಿಗೆ ಗುಟ್ಟು ಸಿಗುವುದಕ್ಕಿಂತ, ಸಿಕ್ಕ ಗುಟ್ಟನ್ನು ತನ್ನವರಿಗೆ ಮುಟ್ಟಿಸುವುದೇ ಹೆಚ್ಚು ಕಷ್ಟ. ಈ ಮಾತನ್ನು ಈ ಧಾರಾವಾಹಿಯಷ್ಟು ತಾಳ್ಮೆಯಿಂದ ತೋರಿಸಿದ್ದು ನಾನು ಬೇರೆಲ್ಲೂ ನೋಡಿಲ್ಲ.

ಮಾಸ್ಕೋ ಕೇಳಿದ್ದು

ಕಥೆ ಶುರುವಾಗುವುದು 1945ರ ಫೆಬ್ರವರಿ 12ರಂದು. ಮುಗಿಯುವುದು ಮಾರ್ಚ್ 24ರಂದು. ಶುರುವಿನ ತಾರೀಖನ್ನು ಗಮನಿಸಬೇಕು. ಅದರ ಹಿಂದಿನ ದಿನವಷ್ಟೇ ಯಾಲ್ಟಾದಲ್ಲಿ ರೂಸ್ವೆಲ್ಟ್, ಚರ್ಚಿಲ್, ಸ್ಟಾಲಿನ್ ನಡೆಸಿದ ಸಭೆ ಮುಗಿದಿತ್ತು. ಸೋವಿಯತ್ ಒಕ್ಕೂಟದ ಕೆಂಪು ಸೇನೆ ಬರ್ಲಿನ್ ಹತ್ತಿರದ ಓಡರ್ ನದಿಯವರೆಗೆ ಬಂದಿತ್ತು. ಜರ್ಮನಿ ಸೋಲುತ್ತದೆ ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ.

ಮಿತ್ರರಾಷ್ಟ್ರಗಳ ನಡುವೆ ಒಂದು ಒಪ್ಪಂದವಿತ್ತು. ಯಾರೂ ಒಬ್ಬೊಬ್ಬರೇ ಹೋಗಿ ಜರ್ಮನಿಯ ಜೊತೆ ರಾಜಿ ಮಾಡಿಕೊಳ್ಳಬಾರದು ಎಂದು 1942ರಲ್ಲೇ ಸಹಿ ಮಾಡಿದ್ದರು. ಯಾವ ಷರತ್ತೂ ಇಲ್ಲದೆ ಜರ್ಮನಿ ಶರಣಾಗಬೇಕು ಎಂದು 1943ರಲ್ಲಿ ಘೋಷಿಸಿದ್ದರು. ಮಾಸ್ಕೋದ ಭಯ ಈ ಒಪ್ಪಂದ ಮುರಿಯುತ್ತದೆ ಎನ್ನುವುದೇ. ಜರ್ಮನ್ನರು ಪಶ್ಚಿಮದಲ್ಲಿ ಅಮೆರಿಕ ಮತ್ತು ಬ್ರಿಟನ್ ಎದುರು ಕೈಚೆಲ್ಲಿ, ಅಲ್ಲಿದ್ದ ಸೈನ್ಯವನ್ನೆಲ್ಲ ಪೂರ್ವಕ್ಕೆ ತಿರುಗಿಸಿಬಿಟ್ಟರೆ? ಕೋಟಿಗಟ್ಟಲೆ ಜನರನ್ನು ಕಳೆದುಕೊಂಡಿದ್ದ ದೇಶಕ್ಕೆ ಇದು ಸಣ್ಣ ಚಿಂತೆಯಾಗಿರಲಿಲ್ಲ.

ಆದ್ದರಿಂದ ಮೊದಲ ಕಂತಿನಲ್ಲಿ ಶ್ಟಿರ್ಲಿಟ್ಸ್‌ಗೆ ಬರುವ ಆದೇಶದಲ್ಲಿ ಕದಿಯುವ ಮಾತಿಲ್ಲ, ಕೊಲ್ಲುವ ಮಾತಿಲ್ಲ. ಇರುವುದು ಒಂದು ಪ್ರಶ್ನೆ. ಸ್ವೀಡನ್ ಮತ್ತು ಸ್ವಿಟ್ಜರ್ಲೆಂಡ್‌ನಲ್ಲಿ ಎಸ್‌ಎಸ್‌ನ ಹಿರಿಯ ಅಧಿಕಾರಿಗಳು ಓಡಾಡುತ್ತಿದ್ದಾರೆ. ಇವರು ಸ್ವಿಟ್ಜರ್ಲೆಂಡ್‌ನ ಬರ್ನ್ ನಗರದಲ್ಲಿರುವ ಅಮೆರಿಕದ ಬೇಹುಗಾರಿಕೆ ಮುಖ್ಯಸ್ಥ ಅಲೆನ್ ಡಲ್ಲೆಸ್ ಅವರ ಕಡೆಯವರನ್ನು ಮಾತಾಡಿಸಲು ನೋಡುತ್ತಿದ್ದಾರೆ. ಇದು ಸುಮ್ನೆ ಹಬ್ಬಿಸಿದ ಸುಳ್ಳೋ? ಆ ಅಧಿಕಾರಿಗಳು ತಮ್ಮ ತಲೆ ಉಳಿಸಿಕೊಳ್ಳಲು ತಾವಾಗಿಯೇ ಮಾಡುತ್ತಿರುವುದೋ? ಇಲ್ಲಾ ಬರ್ಲಿನ್‌ನಿಂದಲೇ ಕಳಿಸಿದ್ದಾರೋ? ಬರ್ಲಿನ್‌ನಿಂದಾದರೆ ಕಳಿಸಿದವರು ಯಾರು?

ಈ ಪ್ರಶ್ನೆ ಯಾಕೆ ಇಷ್ಟು ಕಷ್ಟ ಅಂದರೆ, ಮೂರರಲ್ಲಿ ಯಾವುದೇ ನಿಜವಾದರೂ ಹೊರಗಿನಿಂದ ಕಾಣುವುದು ಒಂದೇ ಥರ. ಬರ್ನ್‌ನ ಒಂದು ಕೋಣೆಯಲ್ಲಿ ಒಬ್ಬ ಜರ್ಮನ್ ಕೂತು, ‘ನಾನು ದೊಡ್ಡವರ ಪರವಾಗಿ ಬಂದಿದ್ದೇನೆ’ ಅನ್ನುತ್ತಾನೆ. ಅವನ ಮುಖ ನೋಡಿ ಏನೂ ಹೇಳಲಾಗದು. ಆದರೆ ಮಾಸ್ಕೋ ಏನು ಮಾಡಬೇಕು ಎನ್ನುವುದು ಪೂರ್ತಿ ಆ ಉತ್ತರದ ಮೇಲೆ ನಿಂತಿದೆ. ಹಬ್ಬಿಸಿದ ಸುಳ್ಳಾದರೆ ಅದರ ಉದ್ದೇಶ ಮಿತ್ರರ ನಡುವೆ ಜಗಳ ತರುವುದು. ಅದಕ್ಕೆ ಬೀಳದೆ ಇರುವುದೇ ಜಾಣತನ. ಒಬ್ಬಿಬ್ಬರು ಅಧಿಕಾರಿಗಳ ಸ್ವಂತ ಆಟವಾದರೆ ಅದಕ್ಕೆ ಹೆಚ್ಚು ಆಯುಷ್ಯವಿಲ್ಲ. ಎಸ್‌ಎಸ್‌ನ ಮುಖ್ಯಸ್ಥ ಹಿಮ್ಲರ್‌ನಂಥವನೇ ಕಳಿಸಿದ್ದಾದರೆ ಅದು ಯುದ್ಧದ ದಿಕ್ಕನ್ನೇ ಬದಲಿಸುವ ವಿಷಯ. ಉತ್ತರ ಇರುವುದು ಕಳಿಸಿದವನ ತಲೆಯೊಳಗೆ, ಬರ್ಲಿನ್‌ನಲ್ಲಿ. ಅದಕ್ಕೇ ಬರ್ಲಿನ್‌ನ ಒಳಗಿರುವವನನ್ನು ಕೇಳಿದ್ದು.

ಒಂದೇ ಕಟ್ಟಡದ ಶತ್ರುಗಳು

ಇಲ್ಲಿ ನಾಜಿ ಭದ್ರತಾ ವ್ಯವಸ್ಥೆಯ ಬಗ್ಗೆ ಸ್ವಲ್ಪ ತಿಳಿದಿರಬೇಕು. ಇಲ್ಲದಿದ್ದರೆ ಅರ್ಧ ಸಂಭಾಷಣೆ ತಲೆಗೆ ಹೋಗುವುದಿಲ್ಲ. 1939ರಲ್ಲಿ ಪೊಲೀಸ್ ಮತ್ತು ಬೇಹುಗಾರಿಕೆ ವಿಭಾಗಗಳನ್ನು ಸೇರಿಸಿ ರೈಶ್ ಭದ್ರತಾ ಮುಖ್ಯ ಕಚೇರಿ ಅಂತ ಒಂದು ದೊಡ್ಡ ಇಲಾಖೆ ಮಾಡಿದರು. ರೈಶ್ ಅಂದರೆ ಜರ್ಮನ್ ಸಾಮ್ರಾಜ್ಯ. 1943ರಿಂದ ಅದರ ಮುಖ್ಯಸ್ಥ ಕಾಲ್ಟನ್‌ಬ್ರುನರ್. ಅದರೊಳಗೆ ನಾಲ್ಕನೆಯ ವಿಭಾಗ ಗೆಸ್ಟಾಪೊ, ಅಂದರೆ ರಹಸ್ಯ ಪೊಲೀಸ್. ಅದಕ್ಕೆ ಹೈನ್ರಿಕ್ ಮುಲ್ಲರ್ ಯಜಮಾನ. ಆರನೆಯ ವಿಭಾಗ ವಿದೇಶಿ ಬೇಹುಗಾರಿಕೆ. ಅದಕ್ಕೆ ವಾಲ್ಟರ್ ಶೆಲೆನ್‌ಬರ್ಗ್, ಆಗಷ್ಟೇ ಮೂವತ್ತೈದು ತುಂಬಿದ್ದವನು. ಇವರೆಲ್ಲರ ಮೇಲೆ ಹಿಮ್ಲರ್. ಈ ಇಲಾಖೆಯ ಆಚೆ, ಹಿಟ್ಲರನ ಕಿವಿಯ ಪಕ್ಕದಲ್ಲೇ ಇದ್ದವನು ಪಕ್ಷದ ಕಾರ್ಯದರ್ಶಿ ಬೋರ್ಮನ್. ಇವರೆಲ್ಲ ಇತಿಹಾಸದಲ್ಲಿ ಇದ್ದವರು. ಶ್ಟಿರ್ಲಿಟ್ಸ್ ಒಬ್ಬನೇ ಕಲ್ಪನೆ. ಅವನನ್ನು ಕೂರಿಸಿರುವುದು ಆರನೆಯ ವಿಭಾಗದಲ್ಲಿ, ಶೆಲೆನ್‌ಬರ್ಗ್‌ನ ಕೈಕೆಳಗೆ.

ಮುಲ್ಲರ್ ಮತ್ತು ಶೆಲೆನ್‌ಬರ್ಗ್ ಹೆಸರಿಗೆ ಒಂದೇ ಇಲಾಖೆ. ಇರುವ ರೀತಿ ಮಾತ್ರ ಆಸ್ತಿ ಪಾಲಿಗೆ ಕಾಯುತ್ತಾ ಒಂದೇ ಹಟ್ಟಿಯಲ್ಲಿ ಬಾಳುವ ಅಣ್ಣತಮ್ಮಂದಿರ ಥರ. ಮಾತು ನಯ, ಕಣ್ಣೆಲ್ಲ ಇನ್ನೊಬ್ಬನ ಕೋಣೆಯ ಮೇಲೆ. ಹಿಮ್ಲರ್ ಹಿಟ್ಲರನಿಗೆ ಗೊತ್ತಾಗದಂತೆ ಏನೋ ಮಾಡುತ್ತಾನೆ. ಬೋರ್ಮನ್‌ಗೆ ಅದು ಗೊತ್ತಾಗಬಾರದು. ಮುಲ್ಲರ್‌ಗೆ ಎಲ್ಲರ ಗುಟ್ಟೂ ಬೇಕು.

ಶ್ಟಿರ್ಲಿಟ್ಸ್ ಬದುಕಿರುವುದು ಈ ಬಿರುಕುಗಳಲ್ಲಿ. ಯಾವುದೋ ಗುಟ್ಟಿನ ಹತ್ತಿರ ಅವನು ಸಿಕ್ಕಿಬಿದ್ದರೆ, ಒಬ್ಬ ಯಜಮಾನನಿಗೆ ‘ಇದು ಇನ್ನೊಬ್ಬರು ಹೇಳಿದ ಕೆಲಸ’ ಎನ್ನಬಹುದು. ಕೇಳಿದವನಿಗೆ ಅದನ್ನು ಎದುರಾಎದುರು ಪರೀಕ್ಷಿಸುವ ಧೈರ್ಯವಿಲ್ಲ. ಮುಂದೆ ಸ್ವಿಟ್ಜರ್ಲೆಂಡ್‌ನ ಮಾತುಕತೆಯನ್ನು ಮುರಿಯಬೇಕಾಗಿ ಬಂದಾಗಲೂ ಅಷ್ಟೇ. ಅವನು ತಾನೇ ಕೈ ಹಾಕುವುದಿಲ್ಲ. ಹಿಮ್ಲರ್‌ನ ಜನ ಸ್ವಿಟ್ಜರ್ಲೆಂಡ್‌ನಲ್ಲಿ ಏನು ಮಾಡುತ್ತಿದ್ದಾರೆ ಎನ್ನುವ ಸುದ್ದಿಯನ್ನು ಬೋರ್ಮನ್‌ಗೆ ತಲುಪಿಸುತ್ತಾನೆ. ಉಳಿದದ್ದನ್ನು ಹಿಮ್ಲರ್‌ನ ವೈರಿಗಳೇ ನೋಡಿಕೊಳ್ಳುತ್ತಾರೆ.

ಧಾರಾವಾಹಿಯಲ್ಲಿ ಪ್ರತಿ ಅಧಿಕಾರಿ ಬಂದಾಗಲೂ ಯೆಫಿಮ್ ಕೊಪೆಲ್ಯಾನ್ ಅವರ ಧ್ವನಿಯಲ್ಲಿ ಅವನ ಸೇವಾ ಕಡತ ಓದುತ್ತಾರೆ. ಅಪ್ಪಟ ಆರ್ಯ, ಗಟ್ಟಿ ಸ್ವಭಾವ, ಸಹೋದ್ಯೋಗಿಗಳ ಜೊತೆ ಚೆನ್ನಾಗಿದ್ದಾನೆ, ರೈಶ್‌ನ ಶತ್ರುಗಳ ಮೇಲೆ ಕರುಣೆಯಿಲ್ಲ. ಶ್ಟಿರ್ಲಿಟ್ಸ್‌ನ ಕಡತದಲ್ಲಿ ಬರ್ಲಿನ್ ಟೆನಿಸ್ ಚಾಂಪಿಯನ್ ಎಂದೂ ಇದೆ. ಕೇಳಕೇಳುತ್ತಾ ಒಂದು ಹೊಳೆಯುತ್ತದೆ. ಎಲ್ಲರ ಕಡತದಲ್ಲೂ ಹೆಚ್ಚುಕಡಿಮೆ ಅದೇ ಸಾಲುಗಳು! ಎಲ್ಲರ ಬಗ್ಗೆಯೂ ಒಂದೇ ಮಾತು ಬರೆಯುವ ವ್ಯವಸ್ಥೆಗೆ ತನ್ನೊಳಗಿನ ಬೇರೆಯವನನ್ನು ಗುರುತಿಸಲು ಆಗುವುದಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಲಿಯೊನಿದ್ ಬ್ರೊನೆವೊಯ್ ಮಾಡಿರುವ ಮುಲ್ಲರ್ ಪಾತ್ರ ಎಷ್ಟು ಚೆನ್ನಾಗಿದೆ ಅಂದರೆ ನೋಡುವವರಿಗೆ ಅವನು ಹಿಡಿಸಿಬಿಡುತ್ತಾನೆ. ಗೊಣಗುವ, ಸುಸ್ತಾದ, ಬುದ್ಧಿವಂತ ಮುದುಕ. ನಿಜವಾದ ಮುಲ್ಲರ್, ಯೂರೋಪಿನ ಯಹೂದಿಗಳನ್ನು ಕೊಲ್ಲುವ ವ್ಯವಸ್ಥೆಯನ್ನು ಚರ್ಚಿಸಿದ 1942ರ ವಾನ್‌ಸೇ ಸಭೆಯಲ್ಲಿ ಕೂತಿದ್ದವನು. ನಟನ ಮೋಡಿಯಲ್ಲಿ ಅದನ್ನು ಮರೆಯಬಾರದು.

ಕೇಳಬಹುದು, ಹೇಳಲಾಗದು

ಬರ್ಲಿನ್ ಹೊರವಲಯದ ಬಾಬೆಲ್ಸ್‌ಬರ್ಗ್‌ನಲ್ಲಿ ಶ್ಟಿರ್ಲಿಟ್ಸ್‌ನ ಮನೆ. ರಾತ್ರಿ ರೇಡಿಯೊ ಹಾಕುತ್ತಾನೆ. ಒಂದು ಧ್ವನಿ ಅಂಕಿಗಳನ್ನು ಓದುತ್ತದೆ. ಅವನು ಬರೆದುಕೊಂಡು, ಕಪಾಟಿನಿಂದ ಒಂದು ಪುಸ್ತಕ ತೆಗೆದು, ಆ ಅಂಕಿಗಳನ್ನು ಮಾತಾಗಿ ಬಿಡಿಸುತ್ತಾನೆ. ಅಲೆಕ್ಸ್ ಅಂದರೆ ಮಾಸ್ಕೋ. ಯುಸ್ತಾಸ್ ಅಂದರೆ ಇವನು.

ಇದು ಎಷ್ಟು ಸರಳವಾಗಿ ಕಾಣುತ್ತದೆ ಅಲ್ವಾ? ಕೇಳುವುದು ಸರಳವೇ. ಮಾಸ್ಕೋದಿಂದ ಹೊರಟ ಅಲೆ ಇಡೀ ಯೂರೋಪಿಗೆ ಸಿಗುತ್ತದೆ. ಅದನ್ನು ಯಾರು ಕೇಳಿದರು ಅಂತ ಗೊತ್ತಾಗುವುದಿಲ್ಲ. ಸಂಕೇತ ಬಿಡಿಸುವ ಪುಸ್ತಕ ಯಾವುದು ಎನ್ನುವುದು ಗುಟ್ಟಾಗಿದ್ದರೆ, ಮನೆಯಲ್ಲಿರುವ ರೇಡಿಯೊ ಬರೀ ರೇಡಿಯೊ.

ಉತ್ತರ ಕಳಿಸುವುದೇ ಬೇರೆ. ಕಳಿಸುವ ಯಂತ್ರ ತಾನಿರುವ ಜಾಗವನ್ನು ಕೂಗಿ ಹೇಳುತ್ತದೆ. ಪೊಲೀಸರು ಎರಡು ಮೂರು ಕಡೆ ದಿಕ್ಕು ಹಿಡಿಯುವ ಆಂಟೆನಾ ಇಟ್ಟು, ಅಲೆ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುತ್ತಾರೆ. ಪ್ರತಿ ಕಡೆಯಿಂದಲೂ ನಕ್ಷೆಯ ಮೇಲೆ ಒಂದು ಗೆರೆ. ಗೆರೆಗಳು ಕೂಡುವ ಕಡೆ ಯಂತ್ರ ಇದೆ. ಆಮೇಲೆ ಆ ಬಡಾವಣೆಗೆ ವ್ಯಾನ್ ಹೋಗುತ್ತದೆ, ಬೀದಿ ಸಿಗುತ್ತದೆ, ಮನೆ ಸಿಗುತ್ತದೆ. ಎಷ್ಟು ಹೊತ್ತು ಕಳಿಸುತ್ತೀರೋ ಅಷ್ಟು ಬೇಗ ಸಿಕ್ಕಿಬೀಳುತ್ತೀರಿ. ಹಾಗಾಗಿ ಗುಟ್ಟು ತಿಳಿಯುವವನು ತಾನೇ ಕಳಿಸುವುದಿಲ್ಲ. ಆ ಕೆಲಸಕ್ಕೆ ಬೇರೆಯವರು ಇರುತ್ತಾರೆ. ಶ್ಟಿರ್ಲಿಟ್ಸ್‌ಗೆ ಇದ್ದವರು ಎರ್ವಿನ್ ಮತ್ತು ಕೇಟ್ ಎಂಬ ದಂಪತಿ. ಕೇಟ್ ತುಂಬು ಬಸುರಿ.

ನಿಜ ಜೀವನದಲ್ಲೂ ಬರ್ಲಿನ್‌ನಲ್ಲಿದ್ದ ಸೋವಿಯತ್ ಪರ ಗುಂಪುಗಳು ಮುರಿದುಬಿದ್ದದ್ದು ಈ ಜಾಗದಲ್ಲೇ. ಹಾರೊ ಶುಲ್ಸೆ-ಬಾಯ್ಸನ್ ಜರ್ಮನ್ ವಾಯುಪಡೆಯ ಸಚಿವಾಲಯದಲ್ಲಿದ್ದವರು. ಅರ್ವಿಡ್ ಹಾರ್ನಾಕ್ ಆರ್ಥಿಕ ವ್ಯವಹಾರಗಳ ಸಚಿವಾಲಯದಲ್ಲಿದ್ದವರು. ಅವರಿಗೆ ಮಾಹಿತಿ ಬೇಕಾದಷ್ಟು ಸಿಗುತ್ತಿತ್ತು. ಕಳಿಸುವ ಯಂತ್ರಗಳು ಮಾತ್ರ ಸರಿಯಾಗಿ ನಡೆಯಲಿಲ್ಲ. ಅದಕ್ಕೆ ದಾರಿ ಹುಡುಕಲು 1941ರಲ್ಲಿ ಮಾಸ್ಕೋ ತನ್ನ ಬ್ರಸೆಲ್ಸ್ ಏಜೆಂಟ್‌ಗೆ ಒಂದು ರೇಡಿಯೊ ಸಂದೇಶ ಕಳಿಸಿತು. ಅದರಲ್ಲಿ ಬರ್ಲಿನ್‌ನವರ ವಿಳಾಸಗಳೇ ಇದ್ದವು. 1942ರಲ್ಲಿ ಜರ್ಮನ್ನರು ಆ ಸಂಕೇತ ಬಿಡಿಸಿದರು. ಗುಂಪೇ ಬಂಧನಕ್ಕೊಳಗಾಯಿತು. ಇಬ್ಬರನ್ನೂ ಅದೇ ಡಿಸೆಂಬರ್‌ನಲ್ಲಿ ಗಲ್ಲಿಗೇರಿಸಿದರು.

ಶ್ಟಿರ್ಲಿಟ್ಸ್‌ಗೆ ಹೆಚ್ಚು ಹತ್ತಿರವಾದವನು ವಿಲ್ಲಿ ಲೆಹ್ಮನ್. ಬರ್ಲಿನ್‌ನ ಪೊಲೀಸ್ ಅಧಿಕಾರಿ, ಜರ್ಮನ್ನನೇ. 1929ರಿಂದ ಮಾಸ್ಕೋಗೆ ಸುದ್ದಿ ಕೊಡುತ್ತಿದ್ದ. ನಾಜಿಗಳು ಬಂದ ಮೇಲೆ ಗೆಸ್ಟಾಪೊದ ಒಳಗೇ ಇದ್ದ. ಜರ್ಮನಿ 1941ರ ಜೂನ್ 22ರಂದು ದಾಳಿ ಮಾಡುತ್ತದೆ ಎಂದು ಮೂರು ದಿನ ಮೊದಲೇ ತಿಳಿಸಿದ್ದ. ಯುದ್ಧ ಶುರುವಾಗಿ ಸೋವಿಯತ್ ರಾಯಭಾರ ಕಚೇರಿ ಮುಚ್ಚಿದ್ದೇ ಅವನ ಸಂಪರ್ಕ ಕಡಿಯಿತು. ಅದನ್ನು ಮತ್ತೆ ಜೋಡಿಸಲು ಮಾಸ್ಕೋ ಪ್ಯಾರಾಚೂಟ್‌ನಲ್ಲಿ ಜನರನ್ನು ಇಳಿಸಿತು. ಅವರಲ್ಲೊಬ್ಬ ಗೆಸ್ಟಾಪೊ ಕೈಗೆ ಸಿಕ್ಕ. ಅಲ್ಲಿಂದ ಲೆಹ್ಮನ್‌ನ ಜಾಡು ಹಿಡಿದರು. 1942ರ ಡಿಸೆಂಬರ್‌ನಲ್ಲಿ ಅವನನ್ನು ಕೊಂದರು. ಹತ್ತು ಹನ್ನೆರಡು ವರ್ಷ ಸಿಂಹದ ಬಾಯಲ್ಲೇ ಕೂತು ಸುದ್ದಿ ತೆಗೆದವನು, ಆ ಸುದ್ದಿಯ ದಾರಿ ರಿಪೇರಿ ಮಾಡಲು ಹೋದಾಗ ಸಿಕ್ಕಿಬಿದ್ದ. ಇದನ್ನು ಓದಿದ ಮೇಲೆ ಧಾರಾವಾಹಿಯ ಕಥೆ ಬೇರೆಯೇ ತೂಕದಲ್ಲಿ ಕಾಣುತ್ತದೆ.

ಸೂಟ್‌ಕೇಸು

ಒಂದು ಬಾಂಬ್ ದಾಳಿಯಲ್ಲಿ ಎರ್ವಿನ್‌ನ ಮನೆ ಕುಸಿಯುತ್ತದೆ. ಅವನು ಸಾಯುತ್ತಾನೆ. ಕೇಟ್‌ಗೆ ಆಸ್ಪತ್ರೆಯಲ್ಲಿ ಹೆರಿಗೆ. ನೋವಿನಲ್ಲಿ ಕೂಗುವಾಗ ಬಾಯಿಂದ ಬಂದದ್ದು ರಷ್ಯನ್. ಹೀಗಾಗಬಹುದು ಎಂದು ಶ್ಟಿರ್ಲಿಟ್ಸ್ ಮೊದಲೇ ಅವಳ ಹತ್ತಿರ ಮಾತಾಡಿದ್ದ. ಎಷ್ಟು ವರ್ಷ ಸೋಗು ಹಾಕಿದರೂ ಹೆರಿಗೆ ನೋವಿನಲ್ಲಿ ನಾಲಿಗೆ ನಮ್ಮ ಮಾತು ಕೇಳುವುದಿಲ್ಲ. ಗೆಸ್ಟಾಪೊಗೆ ಸುದ್ದಿ ಹೋಗುತ್ತದೆ. ಕಲ್ಲುಮಣ್ಣಿನ ನಡುವೆ ರೇಡಿಯೊ ಇದ್ದ ಸೂಟ್‌ಕೇಸೂ ಸಿಗುತ್ತದೆ. ಅದರ ಮೇಲೆ ಶ್ಟಿರ್ಲಿಟ್ಸ್‌ನ ಬೆರಳ ಗುರುತು.

ಇಲ್ಲಿಂದ ಅವನ ಕೆಲಸ ಮೂರು ಪಾಲಾಗುತ್ತದೆ. ಪ್ರಶ್ನೆಗೆ ಉತ್ತರ ಹುಡುಕಬೇಕು, ಕಳಿಸಲು ಹೊಸ ದಾರಿ ಮಾಡಬೇಕು, ಕೇಟ್ ಬಾಯಿ ಬಿಡುವ ಮೊದಲು ಅವಳನ್ನು ಉಳಿಸಬೇಕು. ಮೂರೂ ಒಂದನ್ನೊಂದು ಎಳೆಯುತ್ತವೆ. ಕೇಟ್‌ಗೆ ಸಹಾಯ ಮಾಡಿದಷ್ಟೂ ಅನುಮಾನ ಹೆಚ್ಚುತ್ತದೆ. ಸುಮ್ಮನಿದ್ದರೆ ಅವಳೂ ಮಗುವೂ ಹೋಗುತ್ತಾರೆ.

ಮುಲ್ಲರ್ ಅವನನ್ನು ನೆಲಮಾಳಿಗೆಯಲ್ಲಿ ಕೂರಿಸಿ ಬೆರಳ ಗುರುತಿನ ಬಗ್ಗೆ ಕೇಳುವ ಭಾಗವೇ ಇಡೀ ಧಾರಾವಾಹಿಯ ಬೆನ್ನೆಲುಬು. ಶ್ಟಿರ್ಲಿಟ್ಸ್ ಒಬ್ಬನೇ ಕೂತು ಬೆಂಕಿಕಡ್ಡಿಗಳನ್ನು ಮೇಜಿನ ಮೇಲೆ ಜೋಡಿಸುತ್ತಾ ಯೋಚಿಸುತ್ತಾನೆ. ಅವನಿಗೆ ಬೇಕಾದದ್ದು ಒಂದು ಸುಳ್ಳು. ಆದರೆ ಮುಲ್ಲರ್ ಹೋಗಿ ಪರೀಕ್ಷಿಸಿದರೆ ನಿಲ್ಲುವಂಥ ಸುಳ್ಳು. ಕೊನೆಗೆ ನೆನಪಾಗುತ್ತದೆ. ಬಾಂಬ್ ಬಿದ್ದ ಬೀದಿಯಲ್ಲಿ ಅವನು ಒಬ್ಬ ಹೆಂಗಸಿಗೆ ಮಗುವಿನ ಗಾಡಿ ಸಾಗಿಸಲು ಕೈ ಕೊಟ್ಟಿದ್ದ. ಕಾವಲಿಗಿದ್ದ ಪೊಲೀಸರು ನೋಡಿದ್ದರು. ಅದು ನಡೆದದ್ದೇ. ಅದಕ್ಕೆ ಒಂದೇ ಒಂದು ವಿಷಯ ಸೇರಿಸುತ್ತಾನೆ: ಆಗ ಅಲ್ಲಿದ್ದ ಸೂಟ್‌ಕೇಸುಗಳನ್ನೂ ಎತ್ತಿಟ್ಟಿದ್ದೆ. ಪೊಲೀಸರನ್ನು ಕರೆದು ಕೇಳಿದರೆ ಅವನನ್ನು ನೋಡಿದ್ದು ನಿಜ ಅನ್ನುತ್ತಾರೆ. ಮುಲ್ಲರ್‌ಗೆ ಪೂರ್ತಿ ನಂಬಿಕೆ ಬರುವುದಿಲ್ಲ, ಆದರೆ ಹಿಡಿದಿಡಲು ಕಾರಣವೂ ಉಳಿಯುವುದಿಲ್ಲ.

ಕೇಟ್ ಪಾರಾಗುವುದು ಹೆಲ್ಮುಟ್ ಎಂಬ ಕಾವಲಿನ ಜರ್ಮನ್ ಸೈನಿಕನಿಂದ. ಅವಳ ಬಾಯಿ ಬಿಡಿಸಲು ಎಳೆ ಕೂಸನ್ನು ತೆರೆದ ಕಿಟಕಿಯ ಚಳಿಗೆ ಒಡ್ಡಿದಾಗ ಅವನಿಗೆ ತಡೆಯಲಾಗುವುದಿಲ್ಲ. ಗುಂಡು ಹಾರಿಸುತ್ತಾನೆ, ಅವಳನ್ನು ಬಿಡಿಸುತ್ತಾನೆ, ತಾನು ಸಾಯುತ್ತಾನೆ. ಯಾವ ಯೋಜನೆಯಲ್ಲೂ ಇರದ ಸಹಾಯ ಅದು.

ಇನ್ನು ಹೊಸ ದಾರಿ. ಶ್ಟಿರ್ಲಿಟ್ಸ್ ಆರಿಸಿಕೊಳ್ಳುವುದು ಗೂಢಚರ್ಯೆ ಗೊತ್ತಿಲ್ಲದ ಇಬ್ಬರು ವಯಸ್ಸಾದವರನ್ನು. ಪಾದ್ರಿ ಶ್ಲಾಗ್ ಹಿಟ್ಲರನನ್ನು ಒಪ್ಪದವರು. ಅವರನ್ನು ಸ್ವಿಟ್ಜರ್ಲೆಂಡಿಗೆ ಕಳಿಸಲು ಶೆಲೆನ್‌ಬರ್ಗ್‌ನ ಅನುಮತಿಯನ್ನೇ ಪಡೆಯುತ್ತಾನೆ. ಪಾದ್ರಿ ಹಿಮ್ಲರ್‌ನ ಕೆಲಸಕ್ಕೆ ಹೋಗುತ್ತಿದ್ದಾರೆ ಎಂದು ಶೆಲೆನ್‌ಬರ್ಗ್ ತಿಳಿದಿರುತ್ತಾನೆ. ಪ್ರೊಫೆಸರ್ ಪ್ಲೈಶ್ನರ್ ಜೈಲು ಕಂಡು ಹೆದರಿದವರು. ಸಂಕೇತದ ಪತ್ರ ಹಿಡಿದು ಬರ್ನ್‌ಗೆ ಹೋಗುತ್ತಾರೆ. ಅಲ್ಲಿ ಬ್ಲೂಮೆನ್‌ಸ್ಟ್ರಾಸೆಯ ಮನೆಯ ಕಿಟಕಿಯಲ್ಲಿ ಹೂವಿದ್ದರೆ ಅಪಾಯ, ಒಳಗೆ ಹೋಗಬಾರದು. ಎಷ್ಟೋ ವರ್ಷಗಳ ನಂತರ ಭಯವಿಲ್ಲದ ಬೀದಿಯಲ್ಲಿ ನಡೆಯುವ ಸಂತೋಷಕ್ಕೆ ಪ್ರೊಫೆಸರ್ ಹೂವನ್ನು ಮರೆತುಬಿಡುತ್ತಾರೆ. ಮನೆ ಗೆಸ್ಟಾಪೊ ವಶದಲ್ಲಿರುತ್ತದೆ. ಅದು ಅರ್ಥವಾದಾಗ ಅವರಿಗೆ ಉಳಿಯುವುದು ವಿಷದ ಗುಳಿಗೆ ಮಾತ್ರ. ಯೆವ್ಗೆನಿ ಯೆವ್ಸ್ತಿಗ್ನೆಯೆವ್ ಅವರ ಈ ನಟನೆ ಎಷ್ಟು ಸಲ ನೋಡಿದರೂ ಹೊಟ್ಟೆ ಕಿವುಚುತ್ತದೆ. (ಆ ಬರ್ನ್ ಬೀದಿ ಅಂತ ತೋರಿಸಿರುವುದು ರೀಗಾ ನಗರದ ಯೌನಿಯೆಲಾ ಬೀದಿಯನ್ನು.)

ನಿಜಕ್ಕೂ ನಡೆದದ್ದು

ಮಾತುಕತೆ ಕಟ್ಟುಕಥೆಯಲ್ಲ. ಇಟಲಿಯಲ್ಲಿ ಎಸ್‌ಎಸ್‌ನ ಮುಖ್ಯಸ್ಥನಾಗಿದ್ದ ಕಾರ್ಲ್ ವೋಲ್ಫ್ 1945ರ ಮಾರ್ಚ್ 8ರಂದು ಜ್ಯೂರಿಕ್‌ನಲ್ಲಿ ಡಲ್ಲೆಸ್ ಅವರನ್ನು ಭೇಟಿ ಮಾಡಿದ. ಮಾರ್ಚ್ 19ರಂದು ಆಸ್ಕೋನಾದಲ್ಲಿ ಅಮೆರಿಕದ ಜನರಲ್ ಲೆಮ್ನಿಟ್ಜರ್ ಮತ್ತು ಬ್ರಿಟನ್ನಿನ ಜನರಲ್ ಏರಿ ಜೊತೆ ಕೂತ. ಅಮೆರಿಕನ್ನರು ಇದಕ್ಕೆ ಕೊಟ್ಟ ಹೆಸರು ಆಪರೇಷನ್ ಸನ್‌ರೈಸ್. ವಿಷಯ ಇಟಲಿಯಲ್ಲಿದ್ದ ಜರ್ಮನ್ ಸೈನ್ಯದ ಶರಣಾಗತಿ.

ಧಾರಾವಾಹಿ ಬೇರೆ ದಾರಿ ಹಿಡಿಯುವುದು ಇಲ್ಲಿ. ಅದರಲ್ಲಿ ಎಲ್ಲ ಹಿಮ್ಲರ್‌ನ ಸಂಚು, ಮಾಸ್ಕೋಗೆ ಗೊತ್ತಾಗುವುದು ಶ್ಟಿರ್ಲಿಟ್ಸ್‌ನಿಂದ. ಇತಿಹಾಸದಲ್ಲಿ ಮಾರ್ಚ್ 12ರಂದು ಬ್ರಿಟನ್ ಮತ್ತು ಅಮೆರಿಕದ ರಾಯಭಾರಿಗಳೇ ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್‌ಗೆ ಅಧಿಕೃತವಾಗಿ ತಿಳಿಸಿದ್ದರು. ನಮ್ಮ ಅಧಿಕಾರಿಗಳೂ ಅಲ್ಲಿರಬೇಕು ಎಂದು ಮೊಲೊಟೊವ್ ಕೇಳಿದರು. ಸ್ವಿಟ್ಜರ್ಲೆಂಡ್‌ನ ಭೇಟಿಗಳಿಗೆ ಅವರನ್ನು ಸೇರಿಸಲಿಲ್ಲ. ಮಾಸ್ಕೋದ ಅನುಮಾನ ಕೋಪವಾಯಿತು. ಮಾರ್ಚ್ 22ರಂದು ಮೊಲೊಟೊವ್ ಬರೆದ ಪತ್ರದಲ್ಲಿ, ಸೋವಿಯತ್ ಒಕ್ಕೂಟದ ಬೆನ್ನ ಹಿಂದೆ ಮಾತುಕತೆ ನಡೆಯುತ್ತಿದೆ ಎಂಬ ನೇರ ಆರೋಪವಿತ್ತು. ಏಪ್ರಿಲ್ ಮೊದಲ ವಾರ ಸ್ಟಾಲಿನ್ ರೂಸ್ವೆಲ್ಟ್‌ಗೆ ಬರೆದದ್ದು ಇನ್ನೂ ಖಾರ: ನೀವು ಮಾತುಕತೆಯೇ ಇಲ್ಲ ಅನ್ನುತ್ತೀರಿ, ನಮ್ಮ ಸೇನೆಯವರ ಹತ್ತಿರ ಇರುವ ಮಾಹಿತಿ ಬೇರೆ ಹೇಳುತ್ತದೆ. ರೂಸ್ವೆಲ್ಟ್ ನೊಂದುಕೊಂಡು, ನಿಮಗೆ ಇಂಥ ತಪ್ಪು ಸುದ್ದಿ ಕೊಟ್ಟವರ ಮೇಲೆ ನನಗೆ ಕಹಿಯಿದೆ ಎಂಬರ್ಥದ ಉತ್ತರ ಬರೆದರು. ಏಪ್ರಿಲ್ 12ರಂದು ಅವರು ತೀರಿಕೊಂಡರು.

ಮಾತುಕತೆ ಮುರಿಯಲೂ ಇಲ್ಲ. ಏಪ್ರಿಲ್ ಮೂರನೆಯ ವಾರ ವಾಷಿಂಗ್ಟನ್ ಅದನ್ನು ನಿಲ್ಲಿಸಲು ಹೇಳಿತು, ಕೆಲವೇ ದಿನಗಳಲ್ಲಿ ಮತ್ತೆ ಶುರುವಾಯಿತು. ಏಪ್ರಿಲ್ 29ರಂದು ಇಟಲಿಯ ಕಸೆರ್ಟಾದಲ್ಲಿ ಶರಣಾಗತಿಗೆ ಸಹಿ ಬಿತ್ತು. ಆಗ ಕೋಣೆಯಲ್ಲಿ ಸೋವಿಯತ್ ಜನರಲ್ ಕಿಸ್ಲೆಂಕೊ ಇದ್ದರು. ಅದು ಜಾರಿಗೆ ಬಂದದ್ದು ಮೇ 2ರಂದು, ಬರ್ಲಿನ್ ಕೆಂಪು ಸೇನೆಯ ವಶವಾದ ದಿನವೇ.

ಹಾಗಾದರೆ ಮಾಸ್ಕೋದ ಪ್ರಶ್ನೆಗೆ ಇತಿಹಾಸದ ಉತ್ತರ ಏನು? ಎರಡನೆಯದಕ್ಕೆ ಹತ್ತಿರ. ವೋಲ್ಫ್ ಬಹುಮಟ್ಟಿಗೆ ತನ್ನ ಆಟ ತಾನೇ ಆಡುತ್ತಿದ್ದ. ಹಿಮ್ಲರ್ ಮತ್ತು ಕಾಲ್ಟನ್‌ಬ್ರುನರ್ ಅವನನ್ನು ಕರೆಸಿ ಗದರಿಸಿದ್ದರು. ಹಿಮ್ಲರ್‌ನ ಸ್ವಂತ ಪ್ರಯತ್ನ ನಡೆದದ್ದು ಸ್ವೀಡನ್ನಿನ ಕೌಂಟ್ ಬರ್ನಾಡೊಟ್ ಮೂಲಕ. ಅಷ್ಟಾದರೂ ಮಾಸ್ಕೋದ ಅನುಮಾನವನ್ನು ಬರೀ ಭ್ರಮೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಯುದ್ಧದ ನಂತರ ನಾಜಿ ನಾಯಕರ ವಿಚಾರಣೆ ನಡೆದ ನ್ಯೂರೆಂಬರ್ಗ್‌ನಲ್ಲಿ ವೋಲ್ಫ್ ಕಂಡದ್ದು ಸಾಕ್ಷಿಯಾಗಿ, ಆರೋಪಿಯಾಗಿ ಅಲ್ಲ. ಯಹೂದಿಗಳನ್ನು ಟ್ರೆಬ್ಲಿಂಕಾದ ಸಾವಿನ ಶಿಬಿರಕ್ಕೆ ಸಾಗಿಸುವುದರಲ್ಲಿ ಅವನ ಪಾಲಿಗೆ ಮ್ಯೂನಿಕ್ ನ್ಯಾಯಾಲಯ 15 ವರ್ಷ ಶಿಕ್ಷೆ ಕೊಟ್ಟದ್ದು 1964ರಲ್ಲಿ. ಅದನ್ನೂ ಪೂರ್ತಿ ಅನುಭವಿಸದೆ ಹೊರಬಂದ. ಡಲ್ಲೆಸ್ 1953ರಲ್ಲಿ ಸಿಐಎ ಮುಖ್ಯಸ್ಥರಾದರು.

ನೋಡಬೇಕು ಅನ್ನಿಸಿದರೆ 1973ರ ಕಪ್ಪು ಬಿಳುಪಿನ ಪ್ರತಿಯನ್ನೇ ಹುಡುಕಿ. 2009ರಲ್ಲಿ ಬಣ್ಣ ಹಚ್ಚಿದ ಪ್ರತಿ ಬಂದಿದೆ, ಅದು ಬೇಡ. ಲಿಯೋಜ್ನೊವಾ ಯುದ್ಧಕಾಲದ ನಿಜವಾದ ಸುದ್ದಿಚಿತ್ರಗಳನ್ನು ಕಥೆಯ ನಡುನಡುವೆ ಸೇರಿಸಿದ್ದಾರೆ. ಕಪ್ಪು ಬಿಳುಪಿನಲ್ಲಿ ಅವು ಕಥೆಯೊಳಗೆ ಬೆರೆತುಹೋಗುತ್ತವೆ. ಮೊದಲ ಎರಡು ಕಂತು ನಿಧಾನ ಅನ್ನಿಸಬಹುದು. ನೋಡುವಾಗ ಯಾರು ಮುಲ್ಲರ್ ಕಡೆ, ಯಾರು ಶೆಲೆನ್‌ಬರ್ಗ್ ಕಡೆ ಎಂದು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮೂರನೆಯ ಕಂತಿನ ಹೊತ್ತಿಗೆ ಅದರ ಅಗತ್ಯ ಇರುವುದಿಲ್ಲ.